ಲವೋನ್ ಹ್ರುಸ್ಕಾ ಅಳಿಸದೆ ಉಳಿಸಿದ ಚಿತ್ರ

ಮೊದಲ ಮಾತುಕತೆಗಾಗಿ ನಾನು ಬರೆದ ಎರಡು ಪತ್ರಗಳಿಗೆ ಲವೋನ್ ಹ್ರುಸ್ಕಾ ಉತ್ತರಿಸಲಿಲ್ಲ. ಮೂರನೆಯದಕ್ಕೆ ಫೋನ್ ಬಂತು. "ಶನಿವಾರ ಹತ್ತಕ್ಕೆ ಬನ್ನಿ. ಸೆಂಟು ಹಾಕ್ಕೊಂಡು ಬರಬೇಡಿ. ನಿಮ್ಮ ನೆರಳು ಹೂವಿನ ಮೇಲೆ ಬಿತ್ತೋ, ಮಾತು ಅಲ್ಲಿಗೇ ಮುಗೀತು."

ಐಯೋವ ರಾಜ್ಯದ ಸಣ್ಣ ಊರು ಬ್ರೆಮರ್ ಕ್ರೀಕ್‌ನಲ್ಲಿ ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾದ ಈಕೆ, ಮನೆಯ ಮುಂದಿನ ಹುಲ್ಲುಹಾಸನ್ನು ಕಿತ್ತು ಕಾಡುಹೂಗಳನ್ನು ಬೆಳೆಸಿದ್ದರು. ಬಸ್ಸಿನ ಹಳೆಯ ಸೀಟಿನ ಮೇಲೆ ಮೊಣಕಾಲೂರಿ, ಉಸಿರು ಬಿಗಿಹಿಡಿದು ಹುಳುಗಳ ಚಿತ್ರ ತೆಗೆಯುತ್ತಿದ್ದರು. ಹಿನ್ನೆಲೆಯಲ್ಲಿ ಏನೂ ಕಾಣಬಾರದೆಂಬುದು ಅವರ ಹಟ. ಒಂದು ದಳ, ಒಂದು ಹುಳು, ಉಳಿದದ್ದೆಲ್ಲ ಕಪ್ಪು.

ಊರಿನ ನಿಯಮದಂತೆ ಮುಂದಿನ ಅಂಗಳದ ಗಿಡ ಹನ್ನೆರಡು ಅಂಗುಲ ಮೀರುವಂತಿಲ್ಲ. ಪ್ರತಿ ಶನಿವಾರ ಗೆರೆ ಎಳೆದಂತೆ ಹುಲ್ಲು ಕತ್ತರಿಸುವ ನೆರೆಮನೆಯ ಮೆರ್ಲ್ ದೋಸ್ತಾಲ್ ದೂರು ಕೊಟ್ಟರು. ಆಗಸ್ಟ್ ಸಭೆಯಲ್ಲಿ ತಕ್ಕ ಕಾರಣ ತೋರಿಸದಿದ್ದರೆ ಪುರಸಭೆಯೇ ತೋಟವನ್ನು ನೆಲಸಮ ಮಾಡುವುದೆಂದು ನೋಟಿಸು ಬಂತು.

ಕಾರಣ ಲವೋನರ ಬಳಿ ಇತ್ತು: ಬೆನ್ನಿನಲ್ಲಿ ತುಕ್ಕುಬಣ್ಣದ ಮಚ್ಚೆಯಿರುವ, ಅಳಿವಿನ ಅಂಚಿನ ದುಂಬಿ. ವಿಶ್ವವಿದ್ಯಾಲಯದ ಕೀಟತಜ್ಞರು ಅದನ್ನು ಗುರುತಿಸಿಯೂ ಇದ್ದರು. ಸಭೆಯಲ್ಲಿ ಲವೋನ್ ನಲವತ್ತೊಂದು ಚಿತ್ರಗಳನ್ನು ತೋರಿಸಿದರು.

"ಚೆನ್ನಾಗಿದೆ ಲವೋನ್," ಎಂದರು ಅಧ್ಯಕ್ಷೆ ಜೋಡೀನ್. "ಆದ್ರೆ ಇದು ನಿನ್ನ ತೋಟ ಅಂತ ಹೇಗೆ ನಂಬೋದು? ಎಲ್ಲಾ ಕರ್ರಗಿದೆ. ಫ್ರಿಜ್ಜಿನೊಳಗೆ ತೆಗೆದಿದ್ರೂ ಹೀಗೇ ಕಾಣುತ್ತೆ."

ಸಭೆ ನಕ್ಕಿತು. "ಇಳಿಜಾರಲ್ಲಿ ಬ್ರೇಕು ಹಿಡೀದೆ ಹೋದ ಹಾಗಾಯ್ತು ನಂಗೆ," ಎಂದು ಲವೋನ್ ಆ ಗಳಿಗೆಯನ್ನು ನೆನೆದರು. "ಆದ್ರೆ ಒಂದು ಅಭ್ಯಾಸ ಇತ್ತಲ್ಲ. ತಲೆ ಎಣಿಸದೆ ನಾನು ಯಾವತ್ತೂ ಬಸ್ಸು ಬಿಟ್ಟೋಳಲ್ಲ, ಒಂದು ಮಗೂನೂ ಹಿಂದೆ ಬಿಟ್ಟಿಲ್ಲ. ಚಿತ್ರಾನೂ ಅಷ್ಟೇ. ಕೆಟ್ಟಿದ್ದನ್ನೂ ಅಳಿಸಲ್ಲ."

ಹೀಗೆ ಕೆಟ್ಟಿತೆಂದು ಬದಿಗಿಟ್ಟಿದ್ದ ಜುಲೈ ಇಪ್ಪತ್ತರ ಒಂದು ಚಿತ್ರವನ್ನು ಅವರು ಪರದೆಯ ಮೇಲೆ ತಂದರು. ಹೂವಿನಲ್ಲಿ ದುಂಬಿ, ಮಚ್ಚೆ ನಿಚ್ಚಳ. ಅದರ ಹಿಂದೆ ಹುಲ್ಲು ಕತ್ತರಿಸುವ ಕೆಂಪು ಯಂತ್ರ, ಅದನ್ನು ಓಡಿಸುತ್ತಿರುವವರ ತಲೆಯ ಮೇಲೊಂದು ಕಿತ್ತಳೆ ಟೋಪಿ.

"ಮೆರ್ಲ್, ಆ ಟೋಪಿ ಯಾರದಪ್ಪಾ?"

ಮೆರ್ಲ್ ಎದ್ದುನಿಂತು ಕನ್ನಡಕ ಏರಿಸಿದರು. ಪರದೆಯತ್ತ ಬಗ್ಗಿ ನೋಡಿದರು. "ನಂದೇ. ಹಿಂದಿರೋದು ನನ್ನ ಗ್ಯಾರೇಜು. ಅವಳ ಬೇಲಿ ಪಕ್ಕಾನೇ ಇದೀನಿ." ಮತ್ತೆ ನೋಡಿ, "ಅಲ್ಲಿ ಗೆರೆ ಸೊಟ್ಟ ಹೋಗಿದೆ," ಎಂದರು.

"ನಮ್ಮನೆ ಕಡೆ ಇಣುಕ್ತಾ ಓಡಿಸಿದ್ರೆ ಸೊಟ್ಟ ಹೋಗದೆ ಇನ್ನೇನಾಗುತ್ತೆ?"

ಈ ಸಲದ ನಗೆ ಲವೋನರ ಪಾಲಿಗಿತ್ತು. ನಂತರ ಬೇರೆಯಾಗಿ ಮಾತಿಗೆ ಸಿಕ್ಕ ಮೆರ್ಲ್ ಏನನ್ನೂ ಮುಚ್ಚಿಡಲಿಲ್ಲ. "ದೂರು ಕೊಟ್ಟೋನೂ ನಾನೇ, ಸಾಕ್ಷಿ ಹೇಳ್ದೋನೂ ನಾನೇ. ಕಾಫಿ ಅಂಗಡೀಲಿ ಇವತ್ತಿಗೂ ನನ್ನನ್ನ ದುಂಬಿ ಅಂತಾನೇ ಕರೀತಾರೆ."

ಪುರಸಭೆಯ ನಡಾವಳಿ, ೧೨ ಆಗಸ್ಟ್ ೨೦೧೯, ಸೋಮವಾರ: ಹ್ರುಸ್ಕಾ ತೋಟಕ್ಕೆ ಎತ್ತರದ ನಿಯಮದಿಂದ ಶಾಶ್ವತ ವಿನಾಯಿತಿ. ಪರ ಐದು, ವಿರೋಧ ಇಲ್ಲ. ಚಿತ್ರದ ಸ್ಥಳವನ್ನು ದೃಢೀಕರಿಸಿದವರು: ಮೆರ್ಲ್ ದೋಸ್ತಾಲ್.