ಗಟ್ಟಿಯಾಗದ ಬೆಲ್ಲ

ಮೂಡಲಗಿ ಹತ್ತಿರದ ನಮ್ಮೂರ ಗಾಣದಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಅಣ್ಣ ಕುದಿಯುತ್ತಿದ್ದ. ಕಬ್ಬೆಲ್ಲ ಫ್ಯಾಕ್ಟರಿಗೇ ಹೋಗಬೇಕೆಂಬುದು ಅವನ ಹಟ. ಈ ಸಲ ನಾನೇ ಬೆಲ್ಲ ಮಾಡಿಸಿ ಮಾರುತ್ತೇನೆ ಎಂದು ಅವನ ಹೆಂಡತಿ, ನನ್ನ ವೈನಿ, ಪಟ್ಟು ಹಿಡಿದಿದ್ದಳು. ಕೊನೆಗೆ ಒಂದು ಕರಾರಾಯಿತು: ಮೊದಲ ಕಡಾಯಿ ಕೆಟ್ಟರೆ ಉಳಿದ ಕಬ್ಬು ಫ್ಯಾಕ್ಟರಿಗೆ, ಮುಂದೆಂದೂ ಹೊಲದ ಮಾತಿಗೆ ವೈನಿ ಬಾಯಿ ಹಾಕುವಂತಿಲ್ಲ. ಗೋಕಾಕದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ರಜೆ ಹಾಕಿ ಬಂದದ್ದೇ ವೈನಿಯ ಬೆನ್ನಿಗೆ ನಿಲ್ಲಲು. ಅಣ್ಣನಿಗೆ ಅದಕ್ಕೂ ಸಿಟ್ಟು.

ಬೆಲ್ಲ ಬೇಯಿಸುವ ಕಾಕಾ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟರು. ಉಂಡೆಯಾಗಬೇಕಿತ್ತು, ಬೆರಳಿಗೆ ಅಂಟಿ ಜೋತುಬಿತ್ತು. ಇನ್ನಷ್ಟು ಕುದಿಸಿ ಮತ್ತೆ ಬಿಟ್ಟರು. ಮತ್ತೂ ಅಂಟು.

“ಏನಾತ್ರಿ ಕಾಕಾ?” ವೈನಿ ಕಡಾಯಿಯ ಹತ್ತಿರ ಬಂದಳು.

“ಕಬ್ಬಿನಾಗ ಏನೋ ದೋಷ ಐತಿ ನೋಡವಾ. ಸಿಹಿ ಐತಿ ಖರೆ, ಗಟ್ಟಿ ಆಗವಲ್ದು.”

ಅಣ್ಣ ನಕ್ಕ. “ಕುಣೀಲಾರದಾಕಿ ನೆಲಾ ಡೊಂಕಂದ್ಲಂತ! ಫ್ಯಾಕ್ಟರಿ ಗಾಡಿಯವಗ ಫೋನ್ ಹಚ್ಚತೇನಿ.” ಹಚ್ಚಿದ; ಅತ್ತ ಯಾರೂ ಎತ್ತಲಿಲ್ಲ.

ನನ್ನ ಮೈಯೆಲ್ಲ ಉರಿಯಿತು. ಗಾಣದ ಬಾಜೂ ಬಿದ್ದ ರಾಶಿಯಿಂದ ಒಂದು ಕಬ್ಬು ಎಳೆದೆ. ತುದಿಯ ಗಣಿಕೆಗಳು ಉದ್ದುದ್ದ, ಎಳಸು. ಮಾಗುವ ಹೊತ್ತಿನಲ್ಲಿ ಇದೆಂಥ ಬೆಳವಣಿಗೆ?

“ಅಣ್ಣಾ, ಏನ್ ಹೊಡದಿ ಇದಕ?”

ಅವನು ಮುಖ ತಿರುಗಿಸಿದ. “ಟಾನಿಕ್. ಉದ್ದ ಆದ್ರ ಫ್ಯಾಕ್ಟರಿಯಾಗ ತೂಕ ಬರತೈತಿ.”

“ಯಾವಾಗ?”

“ದೀಪಾವಳಿ ಆದಮ್ಯಾಲ.”

ಥೂ! ಅದು ಎಳೆ ಕಬ್ಬಿಗೆ ಹೊಡೆಯುವ ಹಾರ್ಮೋನು. ಮಾಗುವ ಕಬ್ಬಿಗೆ ಹೊಡೆದರೆ ಕಿಣ್ವಗಳು ಚುರುಕಾಗಿ, ಕೂಡಿಟ್ಟ ಸಕ್ಕರೆಯನ್ನೇ ಒಡೆದು ಬೆಳವಣಿಗೆಗೆ ಸುರಿಯುತ್ತವೆ. ಒಡೆದ ಸಕ್ಕರೆಯೂ ಸಿಹಿಯೇ, ಆದರೆ ಹರಳುಗಟ್ಟುವುದಿಲ್ಲ. ವರ್ಷವರ್ಷವೂ ಇದನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ. ಕಣ್ಣಾರೆ ಕಂಡದ್ದು ನಮ್ಮನೆಯ ಕಡಾಯಿಯಲ್ಲೇ. ಎಲ್ಲರೆದುರು ಅದನ್ನು ಹೇಳಿಯೇಬಿಟ್ಟೆ.

ವೈನಿ ಅಳಲಿಲ್ಲ. “ಕಡಾಯಿ ಇಳಸ್ರಿ ಕಾಕಾ. ಬೆಲ್ಲ ಆಗದಿದ್ರ ಬ್ಯಾಡ, ಚಪಾತಿಗಿ ಹಚ್ಕೊಳ್ಳೋ ನೀರ ಬೆಲ್ಲ, ಕಾಕವಿ ಆಗ್ಲಿ, ಡಬ್ಬಿ ತುಂಬೂಣು.” ಆಮೇಲೆ ಅಣ್ಣನತ್ತ ತಿರುಗಿದಳು. “ಕಡಾಯಿ ಕೆಡಿಸಿದಾಕಿ ನಾ ಅಲ್ರಿ. ಉಳದ ಕಬ್ಬ ಇನ್ನೂ ಹೊಲದಾಗ ನಿಂತೈತಿ. ಅದು ಪೂರಾ ಮಾಗೂತನಾ ಯಾರೂ ಕೊಯ್ತಾ ಹಚ್ಚೂದಿಲ್ಲ.”

ಅಷ್ಟರಲ್ಲಿ ಗಾಡಿಯವನೇ ತಿರುಗಿ ಫೋನ್ ಮಾಡಿದ. ಅಣ್ಣ ಕಿವಿಗಿಟ್ಟುಕೊಂಡು, ವೈನಿಯನ್ನೇ ನೋಡುತ್ತ ನಿಂತ.

“ಈಗ ಬ್ಯಾಡೋ ಮಾರಾಯ,” ಎಂದ. “ಮನಿಯಾಕಿನ್ನ ಕೇಳಿ ಹೇಳ್ತೇನಿ.”