ಸಿದ್ಧರಬೆಟ್ಟದಲ್ಲಿ ಇರದಿದ್ದ ಸಾಧು

ಮೊನ್ನೆ ನೆಂಟರ ಮನೆಯ ಮದುವೆ ಮುಗಿಸಿಕೊಂಡು ಪಾವಗಡದಿಂದ ಮಧುಗಿರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ಪುಟ್ಟ ಗಾಜಿನ ಡಬ್ಬಿ ತೆಗೆದು ಹಣೆಗೆ ಮುಲಾಮು ತಿಕ್ಕಿಕೊಂಡರು. ಕರ್ಪೂರ, ಲವಂಗ, ಜೊತೆಗೆ ಹೆಸರು ಗೊತ್ತಿಲ್ಲದ ಇನ್ನೊಂದು ಖಾರ ವಾಸನೆ... ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. ಕಂಡಕ್ಟರ್ "ಯಾಕ್ ಸಾರ್, ಬಿಸ್ಲಾ?" ಎಂದ. ಹೌದಪ್ಪ ಎಂದೆ. ನಾನು ಸುಳ್ಳು ಹೇಳುವುದೇ ಹೀಗೆ, ಹಿಂದೆ ಮುಂದೆ ಯೋಚಿಸದೆ, ಕೇಳಿದವರಿಗೆ ಒಪ್ಪುವ ಹಾಗೆ. ಈಗ ಬರೆಯಲು ಕೂತಿರುವುದೂ ಅಂಥದೇ ಒಂದು ಸುಳ್ಳಿನ ವಿಷಯ.

ಹಿಂದೆ ಅದೇ ವಾಸನೆಯ ಮುಲಾಮು ಹಚ್ಚುತ್ತಿದ್ದವರು ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕಯ್ಯ. ಪಾವಗಡದ ಆಚೆಯ ಹಳ್ಳಿಯವರು, ಮಾತಿನ ನಡುವೆ ತೆಲುಗು ಬೆರೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಯಾರೋ ಪರಿಚಯದವರ ಮೂಲಕ ಸಿಂಗಪುರಕ್ಕೆ ಮನೆಗೆಲಸಕ್ಕೆ ಹೋಗಿ, ಅಲ್ಲಿ ಹನ್ನೊಂದು ವರ್ಷ ಚೀನೀ ಮುದುಕರೊಬ್ಬರನ್ನು ನೋಡಿಕೊಂಡಿದ್ದರಂತೆ. ವಾಪಸ್ಸು ಬಂದು ಮಧುಗಿರಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯನ್ನು ಬಾಡಿಗೆಗೆ ಹಿಡಿದರು. ಬೆಟ್ಟದ ಬಂಡೆಗೆ ಬಿಸಿಲು ಬೀಳುವ ಮೊದಲೇ ತಾರಸಿಯ ಮೇಲೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಪ್ಪು ಬಟ್ಟೆಯ ಶೂ ಹಾಕಿಕೊಂಡು, ನೀರಿನೊಳಗೆ ನಿಂತವರ ಹಾಗೆ ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದರು. ನಾನು ಆಗ ಹೈಸ್ಕೂಲಿನಲ್ಲಿ ಮೇಷ್ಟ್ರು. ನಮ್ಮ ತಾರಸಿಯಲ್ಲಿ ಕಾಫಿ ಕುಡಿಯುತ್ತಾ ಹೆಂಡತಿಯನ್ನು ಕರೆದು, "ಹಗ್ಗವೂ ಇಲ್ಲ, ಬಟ್ಟೆಯೂ ಇಲ್ಲ, ಆಯಮ್ಮ ಒಣಗಾಕ್ತಾನೇ ಇದಾರೆ ನೋಡು" ಎಂದು ನಗುತ್ತಿದ್ದೆ.

ಆ ವರ್ಷವೇ ನನಗೆ ಬಿಪಿ ಏರಿತು. ಪಾಠ ಮಾಡುವಾಗ ತಲೆ ಸುತ್ತಿ ಬೋರ್ಡು ಹಿಡಿದುಕೊಂಡು ನಿಲ್ಲುವುದು, ಮೆಟ್ಟಿಲು ಹತ್ತಿದರೆ ಏದುಸಿರು, ನಿದ್ದೆಯಿಲ್ಲ. ಮಾತ್ರೆ ನುಂಗುತ್ತಿದ್ದೆ, ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಒಂದು ಬೆಳಿಗ್ಗೆ ಅಕ್ಕಯ್ಯ ಮೋಟುಗೋಡೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು.

"ಮೇಷ್ಟ್ರೆ, ನಿಮ್ ಉಸ್ರು ಎದೆ ಮ್ಯಾಲೇ ನಿಂತ್ಬುಟ್ಟೈತೆ. ಕೆಳಕ್ಕೆ ಇಳೀತಾನೇ ಇಲ್ಲ. ಬನ್ನಿ ಈ ಕಡೆ."

ಹೋದೆ. ಅದು ತೈಚಿ ಎಂಬ ಚೀನೀ ವಿದ್ಯೆ ಎಂದು ಆಮೇಲೆ ಗೊತ್ತಾಯಿತು. ಮೊದಲ ತಿಂಗಳು ಪೂರ್ತಿ ಬರೀ ನಿಲ್ಲಿಸಿದರು. ಮಂಡಿ ಸ್ವಲ್ಪ ಸಡಿಲ, ಎದೆಯ ಮುಂದೆ ದೊಡ್ಡ ಬಿಂದಿಗೆ ತಬ್ಬಿಕೊಂಡ ಹಾಗೆ ಕೈ, ಉಸಿರು ಹೊಕ್ಕುಳಿನ ಕೆಳಗೆ. ಸಂಸ್ಕೃತ, ವ್ಯಾಕರಣ ಎಲ್ಲ ಓದಿದ ನನಗೆ ಹತ್ತು ನಿಮಿಷ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ತೊಡೆ ನಡುಗುತ್ತಿತ್ತು. ಆಮೇಲೆ ಕೈ ಆಡಿಸುವುದು ಶುರುವಾದಾಗ ನಾನು ತೋಳಿನ ಬಲ ಹಾಕಿ ತಳ್ಳುತ್ತಿದ್ದೆ. "ರಾಗಿ ಬೀಸೋವಾಗ ಕೈ ಬೀಸುತ್ತಾ ಮೇಷ್ಟ್ರೆ? ಸೊಂಟ ಬೀಸುತ್ತೆ, ಕೈ ಸುಮ್ನೆ ಹಿಂದೆ ಹೋಗುತ್ತೆ. ನಿಧಾನಂಗಾ..." ಎನ್ನುತ್ತಿದ್ದರು. ಒಂದು ದಿನ ಅಂಗೈಯಲ್ಲಿ ಬಿಸಿ ಹರಿದು ಬಂತು. ಅದೇ ಶಕ್ತಿ, ಅದನ್ನು ಗದ್ದಲ ಮಾಡದೆ ಬೆಳೆಸಿಕೊಳ್ಳಬೇಕು ಎಂದರು. ವರ್ಷ ತುಂಬುವ ಹೊತ್ತಿಗೆ ತಲೆಸುತ್ತು ನಿಂತಿತು, ಡಾಕ್ಟರು ಮಾತ್ರೆ ಅರ್ಧ ಇಳಿಸಿದರು. ನಾನು ಇವತ್ತು ಬದುಕಿ ಓಡಾಡುತ್ತಿರುವುದು ಆ ತಾರಸಿಯ ದೆಸೆಯಿಂದ.

ಅವರದು ಒಂದೇ ಒಂದು ಕರಾರು ಇತ್ತು. ಶುರು ಮಾಡುವ ಮೊದಲು ಬಲಗೈ ಮುಷ್ಟಿಯನ್ನು ಎಡ ಅಂಗೈಯಲ್ಲಿ ಹಿಡಿದು, ತಲೆ ಬಾಗಿ, ಅವರಿಗೆ ಕಲಿಸಿದ ಆ ಚೀನೀ ತಾತನ ಹೆಸರು ಹೇಳಬೇಕು. ಮೂರು ಅಕ್ಷರದ ಹೆಸರು. ತಾತನ ಗಂಡುಮಕ್ಕಳು ಯಾವುದೋ ದೂರದೇಶ ಸೇರಿದ್ದರು, ಅವರಿಗೆ ಈ ವಿದ್ಯೆ ಬೇಕಿರಲಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ಬೀಳದಿರಲಿ ಎಂದು ಮೊಣಕೈ ಹಿಡಿದು ನಿಲ್ಲುತ್ತಿದ್ದ ಅಕ್ಕಯ್ಯನಿಗೇ ತಾತ ಎಲ್ಲವನ್ನೂ ಹೇಳಿಕೊಟ್ಟಿದ್ದರು.

"ಸಾಯೋ ಮುಂಚೆ ನನ್ ಕೈ ಹಿಡ್ಕಂಡು, ಹೆಸರು ಬರೆದಿಡಬ್ಯಾಡ, ಬಾಯಲ್ಲಿ ಹೇಳು, ಇನ್ನೊಬ್ರ ಬಾಯಲ್ಲೂ ಹೇಳ್ಸು ಅಂದ್ರು. ಆಗ್ಲಿ ತಾತ ಅಂದ್ಬುಟ್ಟೆ. ನನ್ ಮಗಳಿಗೆ ಇದ್ಯಾವ್ದೂ ಬ್ಯಾಡ. ನೀವು ನಾಕು ಜನಕ್ಕೆ ಪಾಠ ಹೇಳೋರು, ನೀವ್ ಹೇಳಿದ್ರೆ ಉಳ್ಕೊಳುತ್ತೆ."

ಅವರು ಬೇಡಿಕೊಳ್ಳಲಿಲ್ಲ. ಮನೆಯವರಿಗೆ ಒಂದು ಕೆಲಸ ಒಪ್ಪಿಸುವ ಹಾಗೆ ಹೇಳಿದರು. ನಾನೂ ಆಗಲಿ ಎಂದೆ. ಎರಡು ವರ್ಷ ದಿನವೂ ಅವರ ಜೊತೆ ನಿಂತು ಆ ಹೆಸರು ಹೇಳಿದೆ.

ನನ್ನ ಆರೋಗ್ಯ ನೋಡಿ ಊರಿನವರು ನಮಗೂ ಹೇಳಿಕೊಡಿ ಎಂದು ಗಂಟುಬಿದ್ದರು. ಅಕ್ಕಯ್ಯನಿಗೆ ಖುಷಿಯೋ ಖುಷಿ. ತಾನು ಹೇಳಿಕೊಟ್ಟರೆ ಯಾರು ಬರುತ್ತಾರೆ, ನೀವೇ ಶುರು ಮಾಡಿ ಎಂದು ನನಗೆ ದುಂಬಾಲು ಬಿದ್ದರು. ಸಮುದಾಯ ಭವನದ ಅಂಗಳದಲ್ಲಿ ಮೊದಲ ದಿನವೇ ಮೂವತ್ತು ಜನ. ಅದು ಚೀನಾದ ಮೊಬೈಲು ಕೈಯಲ್ಲಿ ಹಿಡಿದೇ ಚೀನಾದ ಸಾಮಾನು ಬೇಡ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ. ಮುಂದಿನ ಸಾಲಿನಲ್ಲಿದ್ದ ಅಕ್ಕಿ ಗಿರಣಿಯ ಯಜಮಾನರು, "ಇದ್ಯಾವ ವಿದ್ಯೆ ಮೇಷ್ಟ್ರೆ? ಯಾರತ್ರ ಕಲ್ತ್ರಿ?" ಎಂದರು. ಕೊನೆಯ ಸಾಲಿನಲ್ಲಿ ಅಕ್ಕಯ್ಯ ಆಗಲೇ ಮುಷ್ಟಿ ಹಿಡಿದು, ನಾನು ಹೆಸರು ಹೇಳುವುದನ್ನೇ ಕಾಯುತ್ತಿದ್ದರು. ನಾನು ನೋಡಿದೆ. ನೋಡಿಯೂ ನನ್ನ ಬಾಯಿ, "ಸಿದ್ಧರಬೆಟ್ಟದಲ್ಲಿ ಒಬ್ಬರು ಸಾಧುಗಳಿದ್ದರು, ಅವರ ಹತ್ತಿರ" ಎಂದಿತು.

ನಮ್ಮ ಕಡೆ ಸಿದ್ಧರಬೆಟ್ಟ ಎಂದರೆ ಮುಗಿಯಿತು. ಅಲ್ಲಿ ಬೇರು, ನಾರು, ಔಷಧಿ, ಸಿದ್ಧರು ಎಲ್ಲ ಇದ್ದೇ ಇರುತ್ತಾರೆ ಎಂದು ಹುಟ್ಟಿದಾಗಿನಿಂದ ಕೇಳಿದವರು ನಾವು. ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. "ಅಂಗನ್ನಿ ಮತ್ತೆ" ಎಂದು ಯಜಮಾನರು ತಲೆದೂಗಿದರು. ಚೀನಾದ ಮಾತಿಗೆ ಹೆದರಿದೆ ಎಂದು ನನಗೆ ನಾನೇ ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಮನೆಗೆಲಸ ಮಾಡಿಕೊಂಡಿದ್ದ ಹೆಂಗಸಿನ ಹತ್ತಿರ ಕಲಿತೆ ಎಂದು ಅಷ್ಟು ಜನರ ಮುಂದೆ ಹೇಳಲು ಈ ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಸಾಧುಗಳ ಜಾಗ ತೋರಿಸಿ ಎಂದು ಎಲ್ಲರೂ ಸೇರಿ ಒಂದು ಭಾನುವಾರ ಮಿನಿ ಬಸ್ಸು ಮಾಡಿಸಿದರು. ಅಕ್ಕಯ್ಯನೂ ಬಂದರು, ಎಲ್ಲರಿಗೂ ಸಾಲುವಷ್ಟು ಚಿತ್ರಾನ್ನ ಕಲಸಿಕೊಂಡು. ಬೆಟ್ಟ ಹತ್ತಿದೆವು. ಒಂದು ಗವಿಯ ಮುಂದೆ ನಿಂತು, ಇಲ್ಲೇ ಇದ್ದರು, ಈಗ ಉತ್ತರದ ಕಡೆ ಹೊರಟುಹೋಗಿದ್ದಾರೆ ಎಂದೆ. ಜನ ಕರ್ಪೂರ ಹಚ್ಚಿದರು, ಕಾಯಿ ಒಡೆದರು. ಅಕ್ಕಯ್ಯ ಚಿತ್ರಾನ್ನದ ಡಬ್ಬಿ ಕೆಳಗಿಟ್ಟು, ಮುಷ್ಟಿಯನ್ನು ಅಂಗೈಯಲ್ಲಿ ಹಿಡಿದು ತಲೆ ಬಾಗಿದರು. ತುಟಿ ಅಲುಗಿತು. ಮೂರು ಅಕ್ಷರ... ನನಗೆ ತಿಳಿಯಿತು.

ಗಿರಣಿಯ ಯಜಮಾನರು ಪಕ್ಕದಿಂದ, "ಅಂಗಲ್ಲ ಕಣಮ್ಮ, ಎರಡೂ ಕೈ ಜೋಡ್ಸಿ ನೆಟ್ಟಗೆ ಮುಗೀರಿ" ಎಂದು ತಿದ್ದಿದರು.

ಅಕ್ಕಯ್ಯ ನನ್ನ ಕಡೆ ನೋಡಿದರು. ನಾನು ಉರಿಯುತ್ತಿದ್ದ ಕರ್ಪೂರವನ್ನು ನೋಡುತ್ತಾ ನಿಂತೆ. ಅವರು ಮುಷ್ಟಿ ಬಿಚ್ಚಿ ಕೈ ಮುಗಿದರು.

ಬರುವಾಗ ಗೊರವನಹಳ್ಳಿಯ ಗುಡಿಯಲ್ಲಿ ದೇವರ ದರ್ಶನಕ್ಕೆ ಇಳಿದೆವು. ಎಲ್ಲರೂ ಗುಡಿಯ ಸಾಲಿನಲ್ಲಿದ್ದಾಗ ಅವರು ನನ್ನ ಹತ್ತಿರ ಬಂದು, "ಒಂದ್ಸಲ ಹೇಳಿದ್ರೆ ಸಾಕಿತ್ತು ಮೇಷ್ಟ್ರೆ. ಜೋರಾಗೂ ಬ್ಯಾಡಿತ್ತು" ಎಂದರು. ಆಮೇಲೆ ಅವರೇ, "ಪರವಾಲೇದು ಬುಡಿ" ಎಂದು ಕಾಗದದ ತಟ್ಟೆಯಲ್ಲಿ ಚಿತ್ರಾನ್ನ ಕೊಟ್ಟರು. ನಾನು ಅದನ್ನು ತಿಂದೆ ಕೂಡ.

ಮುಂದಿನ ತಿಂಗಳು ಅವರು ಮನೆ ಖಾಲಿ ಮಾಡಿ ಹಿಂದೂಪುರದ ಮಗಳ ಮನೆಗೆ ಹೋದರು. ತರಗತಿ ಬೆಳೆಯಿತು. ನನಗೆ ಶಾಲು, ಹಾರ, ಗುರೂಜಿ ಎಂಬ ಹೆಸರು ಎಲ್ಲ ಬಂದವು. ಮನೆಯಲ್ಲಿ ಒಬ್ಬನೇ ಮಾಡುವಾಗಲೂ ತಾತನ ಹೆಸರು ಹೇಳುವುದನ್ನು ಬಿಟ್ಟೆ. ಹೇಳಹೋದರೆ ಬೆಟ್ಟದ ಮೇಲೆ ಅವರು ನನ್ನ ಕಡೆ ನೋಡಿದ್ದು ಕಣ್ಣಿಗೆ ಬರುತ್ತಿತ್ತು.

ವರ್ಷಗಳು ಕಳೆದ ಮೇಲೆ, ಅಕ್ಕಯ್ಯ ಹೋಗಿಬಿಟ್ಟರು ಎಂದು ಫೋನು ಬಂದಾಗ ತಿಥಿಗೆ ಹೋದೆ. ಲಕ್ವ ಹೊಡೆದು ಕೊನೆಯ ನಾಲ್ಕು ತಿಂಗಳು ಮಾತೇ ಇರಲಿಲ್ಲವಂತೆ. ಊಟ ಬಡಿಸಿದ ಮೇಲೆ ಮಗಳು ಪಕ್ಕಕ್ಕೆ ಕರೆದು ಕೇಳಿದಳು:

"ಸಾರ್, ಅಮ್ಮ ದಿನಾ ಬೆಳಿಗ್ಗೆ ಒಂದು ಹೆಸರು ಹೇಳ್ತಿದ್ಲು. ನಾನ್ ಯಾವತ್ತೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮಾತು ನಿಂತ ಮ್ಯಾಲೆ ಮುಷ್ಟಿ ಹಿಡ್ದು ಅಳ್ತಿದ್ಲು. ಆ ಹೆಸರೇನಮ್ಮ, ಇನ್ಯಾರಿಗೆ ಗೊತ್ತು ಅಂದ್ರೆ ಗೋಡೆ ಮ್ಯಾಲಿದ್ದ ನಿಮ್ ಫೋಟೋ ತೋರಿಸಿದ್ಲು. ಇವತ್ತು ಒಂದ್ಸಲ ಅಮ್ಮನ ಫೋಟೋ ಮುಂದೆ ಹೇಳ್ಬುಡಿ."

ಮೊದಲ ಅಕ್ಷರಕ್ಕೆ ನಾಲಿಗೆ ಮೇಲಕ್ಕೆ ಹೋಗುತ್ತಿತ್ತೇ, ತುಟಿ ಕೂಡುತ್ತಿತ್ತೇ... ಗೋಡೆಯ ಮೇಲೆ ನಮ್ಮ ಹಳೆಯ ತಾರಸಿಯ ಫೋಟೋ, ಅದರಲ್ಲಿ ನಾನೂ ಅವರೂ. ಎರಡು ವರ್ಷ ದಿನವೂ ಹೇಳಿದ ಹೆಸರು ಬರಲಿಲ್ಲ. ಮರೆತುಹೋಗಿದೆ ಕಣಮ್ಮ ಎಂದೆ. ಆ ಹುಡುಗಿ ಬೈದಿದ್ದರೆ ಹಗುರಾಗುತ್ತಿತ್ತು. ಪರವಾಗಿಲ್ಲ ಸಾರ್ ಎಂದು ನೀರು ತಂದುಕೊಟ್ಟಳು.

ಈಗಲೂ ಬೆಳಿಗ್ಗೆ ನಲವತ್ತು ಜನ ಬರುತ್ತಾರೆ. ಸಾಧು ಸುಳ್ಳು ಎಂದು ನಾನು ಇನ್ನೂ ಹೇಳಿಲ್ಲ. ಹೇಳಿದರೆ, ಹಾಗಾದರೆ ಯಾರು ಎಂದು ಕೇಳುತ್ತಾರೆ. ಅಕ್ಕಯ್ಯ ಎಂದರೆ, ಅವರಿಗೆ ಕಲಿಸಿದವರ ಹೆಸರೇನು ಎನ್ನುತ್ತಾರೆ. ಹೇಳಲು ನನ್ನ ಹತ್ತಿರ ಏನಿದೆ. ತಿಥಿಯಿಂದ ಬಂದ ಮೇಲೆ ಮುಷ್ಟಿ ಹಿಡಿದು ತಲೆ ಬಾಗುವುದನ್ನು ಮಾತ್ರ ಮತ್ತೆ ಶುರು ಮಾಡಿದ್ದೇನೆ. ಬಾಯಿ ತೆರೆಯುತ್ತೇನೆ, ಕಾಯುತ್ತೇನೆ, ಬರುವುದಿಲ್ಲ, ಮುಚ್ಚುತ್ತೇನೆ. ಎದುರಿಗಿರುವ ನಲವತ್ತು ಜನರೂ ಇದೊಂದು ಮೌನ ಪ್ರಾರ್ಥನೆ ಎಂದು ತಿಳಿದು ನನ್ನ ಹಾಗೆಯೇ ಬಾಯಿ ತೆರೆದು, ಏನೂ ಹೇಳದೆ ಮುಚ್ಚುತ್ತಾರೆ.