ಬರ್ಜೀಲ್ ಮೇಲಿನ ತಗಡು

ಅಮ್ಮ ಭಟ್ಕಳಕ್ಕೆ ಹೊರಡುವ ಹಿಂದಿನ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಇನ್ನು ಈ ದೇಶಕ್ಕೆ ಬರುವುದಿಲ್ಲ ಎಂದುಬಿಟ್ಟಿದ್ದಳು, ಮೊಣಕಾಲು ಕೇಳುವುದಿಲ್ಲವಂತೆ. ಮದುವೆಯಾಗಿ ಬಂದಿಳಿದ ದುಬೈಯ ನೈಫ್‌ನ ಮನೆಯ ಜಾಗವನ್ನಾದರೂ ಒಮ್ಮೆ ನೋಡಬೇಕೆಂಬುದು ಅವಳ ಆಸೆ. "ಇಟ್ಸ್ ಗಾನ್, ಡ್ಯಾಡ್. ವೈ ಗೋ?" ಎಂದಳು ಮಗಳು. ಪ್ರಶ್ನೆ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ರೇಗಿತು. ಅಬುಧಾಬಿಯ ನನ್ನ ಮನೆಯಿಂದ ಅಮ್ಮ, ನಾನು ಇಬ್ಬರೇ ಹೊರಟೆವು.

ನಮ್ಮೂರಿನಿಂದ ದುಬೈಗೆ ಮೊದಮೊದಲು ಬಂದವರಲ್ಲಿ ಅಜ್ಜನೂ ಒಬ್ಬರು. ಅವರು ಬಾಡಿಗೆಗೆ ಹಿಡಿದ ಮನೆಯದು. ಸಮುದ್ರದಿಂದ ತೆಗೆದ ಹವಳದ ಕಲ್ಲಿನ ದಪ್ಪ ಗೋಡೆ, ನಡುವೆ ಅಂಗಳ, ಮಾಡಿಗೆ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಕಾಂಡ್ಲಾ ಮರದ ಗಳ. ಗಳ ಎಷ್ಟುದ್ದವೋ ಕೋಣೆ ಅಷ್ಟೇ ಅಗಲ. ಮಾಳಿಗೆಯ ಮೇಲೆ ಗಿಡ್ಡನೆಯ ಬರ್ಜೀಲ್; ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಗೋಪುರ. ಭಟ್ಕಳದ ಮಳೆ ಕಂಡಿದ್ದ ಅಪ್ಪನಿಗೆ ಅದು ಸೋರುವ ತೂತಾಗಿ ಕಂಡಿತು. ಮೋಡ ಕಂಡದ್ದೇ ತಡ, ಏಣಿ ಇಟ್ಟು ಸುತ್ತಲೂ ತಗಡು ಕಟ್ಟಿಬಿಟ್ಟ. ಬಿದ್ದದ್ದು ನಾಲ್ಕು ಹನಿ. ಬೇಸಿಗೆಯಲ್ಲಿ ಮನೆ ಬೇಯತೊಡಗಿತು, ಪಕ್ಕದ ಅರಬ್ಬಿ ಮುದುಕಿ ನಕ್ಕಳು, ಅಪ್ಪ ತಗಡು ಬಿಚ್ಚಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ.

ನೈಫ್‌ನಲ್ಲಿ ನಾನು ಈ ಗಲ್ಲಿ, ಆ ಗಲ್ಲಿ ಎಂದು ಅಮ್ಮನನ್ನು ಅಲೆಸಿದೆ. ಕೊನೆಗೆ ಹಳೆಯ ಮಸೀದಿಯೊಂದರ ಗುರುತು ಹಿಡಿದು ಅವಳೇ ನಿಂತಳು. "ಇಲ್ಲೇ, ಮಗಾ."

ಅಲ್ಲಿದ್ದದ್ದು ಮೊಬೈಲ್ ಅಂಗಡಿಗಳ ಕಟ್ಟಡದ ಹಿಂಬದಿ. ಎ.ಸಿ. ಡಬ್ಬಿಗಳು ಬಿಸಿಗಾಳಿ ಉಗುಳುತ್ತಿದ್ದವು. ನೋಡಲು ಏನೂ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು.

"ನೋಡಿ ಆಯ್ತಲ್ಲ ಅಮ್ಮಾ, ಖಲಾಸ್. ಹೋಗುವ."

ಅವಳು ಅಲುಗಲಿಲ್ಲ. "ನಿನ್ನಪ್ಪ ಅಂಗಡಿಗೆ ಹೋದ ಮೇಲೆ ನಾನು ದಿನಾ ಮೇಲೆ ಹತ್ತಿ ಒಂದು ತಗಡು ಬಿಚ್ತಿದ್ದೆ. ಅವರು ಬರೂದ್ರೊಳಗೆ ಮತ್ತೆ ಕಟ್ತಿದ್ದೆ."

"ಅಪ್ಪನಿಗೆ ಗೊತ್ತೇ ಆಗ್ಲಿಲ್ವಾ?"

"ಗೊತ್ತಿತ್ತು. ಅದಕ್ಕೇ ಗಲ್ಲಿ ತುದಿಯಿಂದಲೇ ಜೋರಾಗಿ ಕೆಮ್ಮುತ್ತಾ ಬರ್ತಿದ್ರು. ನಾನು ಕಟ್ಟಿ ಇಳಿಯೂವರೆಗೆ ಹೊರಗೇ ನಿಲ್ತಿದ್ರು. ಅವರು ತೀರಿಹೋದ ಮೇಲೆ ಊರಲ್ಲಿ ಎಷ್ಟು ನೆನೆಸಿದ್ರೂ ಆ ಕೆಮ್ಮು ಕೇಳೂದಿಲ್ಲ ಮಗಾ. ಇಲ್ಲಿ ಕೇಳ್ತದೆ."

ಅವಳು ಗಲ್ಲಿಯ ತುದಿಯನ್ನೇ ನೋಡುತ್ತಿದ್ದಳು. ನಾನು ಕಾರಿನ ಕೀ ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತೆ.